ಗುಂಡಿ

ಓರ್ವಿಲ್ ಹಾಗೆಮನ್ ತೀರಿಕೊಂಡ ಮೂರನೆಯ ದಿನ
ಅವರ ಕಪಾಟಿನ ಬೀಗದಕೈ ನನ್ನ ಮೇಜಿಗೆ ಬಂತು.
ಹತ್ತೊಂಬತ್ತು ವರ್ಷ ಅವರ ಲೆಕ್ಕ ಬರೆದವಳು ನಾನು;
ಆ ಒಂದು ಕಪಾಟು ಮಾತ್ರ
ನನ್ನ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

ಹೊರಗೆ ಮಸ್ಕಟೀನ್ ಪೇಟೆ, ಜನವರಿ.
ಮಿಸಿಸಿಪ್ಪಿಯ ಮೇಲೆ ಹಿಮದ ಹಲಗೆಗಳು
ಒಂದಕ್ಕೊಂದು ಉಜ್ಜಿ ಹಲ್ಲು ಕಡಿಯುತ್ತವೆ.
ಬಾವುಟ ಅರ್ಧಕ್ಕಿಳಿದಿದೆ
ಆಸ್ಪತ್ರೆಯ ಹೊಸ ಕಟ್ಟಡದ ಮೇಲೆ, ವಾಚನಾಲಯದ ಮೇಲೆ,
ಬೆಂಕಿ ಆರಿಸುವವರ ಷೆಡ್ಡಿನ ಮೇಲೆ.
ಎಲ್ಲ ಅವರು ಕಟ್ಟಿಸಿದ್ದು.
ಒಂದರ ಮೇಲೂ ಹೆಸರಿಲ್ಲ.
ಎಂಥ ವಿನಯ, ಎಂದು ಬರೆದರು ಪತ್ರಿಕೆಯವರು.

ಅವರಪ್ಪ ಗುಂಡಿ ಮಾಡಿ ದುಡ್ಡು ಮಾಡಿದವನು.
ಅಂಗಿಯ ಗುಂಡಿ.
ನದಿಯ ತಳದಿಂದ ಚಿಪ್ಪು ಕೆದಕಿ, ಬೇಯಿಸಿ,
ಮಾಂಸ ಹಂದಿಗೆ ಹಾಕಿ,
ಗರಗಸದ ಕೊಳವೆಯಲ್ಲಿ ದುಂಡಗೆ ಕೊರೆದು ತೆಗೆದದ್ದು.
ಮುತ್ತಿನ ಹೊಳಪು ಊರು ಬಿಟ್ಟು ಹೋಯಿತು
ಯಾರ್ಯಾರದೋ ಎದೆಯ ಮೇಲೆ ಕೂರಲು.
ತೂತುಬಿದ್ದ ಚಿಪ್ಪು ಇಲ್ಲೇ ಉಳಿಯಿತು, ರಾಶಿರಾಶಿ;
ಅದನ್ನೇ ಸುರಿದು ರಸ್ತೆ ಮಾಡಿದರು.

ಒಮ್ಮೆ ಕೇಳಿದ್ದರು, ನಿಮ್ಮ ಭಾಷೆಯಲ್ಲಿ ಇದಕ್ಕೇನಂತಾರೆ?
ಗುಂಡಿ, ಅಂದೆ. ನೆಲ ತೋಡಿದರೆ ಆಗುವುದೂ ಗುಂಡಿಯೇ.
ಅವರು ಪೆನ್ನು ಕೆಳಗಿಟ್ಟರು.
"ಹಾಗಾದರೆ ನಿಮ್ಮವರು ಯಾರೋ
ನಮ್ಮ ಕಾರ್ಖಾನೆ ನೋಡಿದ್ದಾರೆ."
ನಗಲಿಲ್ಲ. ನಾನು ನಕ್ಕೆ, ಆಮೇಲೆ ನಿಲ್ಲಿಸಿದೆ.

ಕಪಾಟಿನಲ್ಲಿ ಎರಡೇ ವಸ್ತು.
ಒಂದು, ಏಳು ತೂತಿನ ಚಿಪ್ಪು.
ಇನ್ನೊಂದು, ಹಸಿರು ರಟ್ಟಿನ ಖಾತೆ ಪುಸ್ತಕ,
ಅವರದೇ ಕೈಬರಹ, ಇರುವೆಸಾಲು.

ಹನ್ನೆರಡು ಡಜನ್ನಿಗೆ ಒಂದು ಗ್ರೋಸ್, ಇದು ಲೋಕದ ಲೆಕ್ಕ.
ಅವರಪ್ಪ ಹದಿನಾಲ್ಕು ಎಣಿಸಿಕೊಂಡು
ಹನ್ನೆರಡಕ್ಕೆ ಕೂಲಿ ಕೊಡುತ್ತಿದ್ದ.
ಎರಡು ಡಜನ್ ಒಡಕಿಗೆ, ಅನ್ನುತ್ತಿದ್ದನಂತೆ.
ಮಗ ಆ ಎರಡು ಡಜನ್ನಿನ ಬೆನ್ನು ಹತ್ತಿದ್ದಾರೆ.

ಲೀಮನ್ ಟ್ರಸ್ಕಾಟ್, ಒಂಬತ್ತು ವರ್ಷ, ಇಷ್ಟು ಡಜನ್.
ಬರ್ತಾ ಓಲ್ಡರ್ಸ್, ಹದಿಮೂರು ವರ್ಷ, ಎಡಗೈಯ ಎರಡು ಬೆರಳು.
(ಬೆರಳಿನ ಮುಂದೆ ಮೊತ್ತದ ಮನೆ ಖಾಲಿ.)
ಪಕ್ಕದಲ್ಲಿ ಮೊಮ್ಮಕ್ಕಳ ವಿಳಾಸ,
ಮೆಡಿಕಲ್ ಕಾಲೇಜಿನ ಶುಲ್ಕ, ಸೋರುವ ಮಾಡಿನ ರಿಪೇರಿ,
ಯಾರದೋ ಮೂತ್ರಪಿಂಡಕ್ಕೆ ವಾರಕ್ಕೆ ಮೂರು ದಿನ.
ಪಡೆದವರು ಅದೃಷ್ಟ ಎಂದುಕೊಂಡರು.
ಚೆಕ್ಕುಗಳನ್ನು ಬರೆದವಳು ನಾನೇ; ದಾನದ ಕಾಲಮ್ಮಿಗೆ
ಹಾಕಿದವಳೂ ನಾನೇ.
ಇಲ್ಲಿ ಕಾಲಮ್ಮಿನ ತಲೆಯ ಮೇಲಿನ ಪದ ಬೇರೆ:
ವಾಪಸು.

ಎಷ್ಟೋ ಹೆಸರಿನೆದುರು "ವಂಶ ಸಿಗಲಿಲ್ಲ".
ಆ ಸಿಗದವರನ್ನೆಲ್ಲ ಕೂಡಿಸಿದರೆ
ವಾಚನಾಲಯ. ಮತ್ತೊಂದಿಷ್ಟು ಕೂಡಿಸಿದರೆ ಆಸ್ಪತ್ರೆ.
ಗೋಡೆಯ ಮೇಲೆ ಯಾರ ಹೆಸರು ಕೆತ್ತಿಸಿಯಾರು ಪಾಪ,
ದುಡ್ಡು ಅವರದಲ್ಲವಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು.
ಆದರೆ ಲೆಕ್ಕದವಳ ಕಣ್ಣು ಸುಮ್ಮನಿರದು.
ಬಡ್ಡಿ ಹಾಕಿದ್ದಾರೆ ನೂರಕ್ಕೆ ನಾಲ್ಕು,
ಎಂಬತ್ತು ತೊಂಬತ್ತು ವರ್ಷಕ್ಕೆ,
ಸರಳ ಬಡ್ಡಿ.
ಚಕ್ರಬಡ್ಡಿ ಹಾಕಿದ್ದರೆ ಮನೆ, ಷೇರು,
ಕೊನೆಯ ದಿನ ತೊಟ್ಟ ಕೋಟು ಮಾರಿದರೂ ಸಾಲುತ್ತಿರಲಿಲ್ಲ.
ಗೊತ್ತಿತ್ತೇ? ಗೊತ್ತಿಲ್ಲದೆ ಇರುತ್ತದೆಯೇ,
ನನಗೇ ಚಕ್ರಬಡ್ಡಿಯ ತಪ್ಪು ತಿದ್ದಿಕೊಟ್ಟ ಮನುಷ್ಯನಿಗೆ?
ಒಂದು ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ
ಆ ಲೆಕ್ಕ ಶುರುಮಾಡಿ
ಮೂರನೆಯ ಸಾಲಿನಲ್ಲಿ ರಬ್ಬರು ಉಜ್ಜಿದ ಗುರುತಿದೆ.

ನಾಳೆ ವಕೀಲರು ಬರುತ್ತಾರೆ, ಖಾತೆ ಕೇಳುತ್ತಾರೆ.
ಕೊಡುತ್ತೇನೆ. ಅಳಿಸಿದ ಪುಟವೂ ಸೇರಿ.
ಈಗ ಚಿಪ್ಪನ್ನು ಕಿಟಕಿಗೆ ಹಿಡಿದಿದ್ದೇನೆ.
ಏಳು ತೂತಿನಿಂದ ಏಳು ತುಂಡು ಬಿಸಿಲು
ಮೇಜಿನ ಮೇಲೆ ಬಿದ್ದಿವೆ,
ಒಂದೊಂದೂ ಅಂಗಿಗೆ ಹೊಲಿಯುವಷ್ಟು ದುಂಡಗೆ.
ಎಣಿಸುತ್ತೇನೆ. ಅಭ್ಯಾಸ.